ಪುರುಡಿನ ಮನೆ

"ಆ ರಗ್ಗು ನಾನು ಈ ಸಲ ಮೈಸೂರಿಂದ ಹೊತ್ಕೊಂಡು ಬಂದಿದ್ದು ನನ್ನ ಮಗನಿಗೆ. ಊರಿಗೆಲ್ಲ ಹಂಚೋಕಲ್ಲ," ಎಂದರು ಕಾಮಾಕ್ಷಮ್ಮ.

ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ಮುಕುಂದ ತಲೆ ಎತ್ತಲಿಲ್ಲ. "ಅಮ್ಮ, ಆಫೀಸಿಗೆ ಲೇಟಾಗತ್ತೆ. ಸಂಜೆ ಮಾತಾಡೋಣ."

"ನಿನಗೆ ಯಾವತ್ತೂ ಲೇಟೇ. ನಿನ್ನ ಹೆಂಡತಿ ನಿನ್ನೆ ಚರ್ಚಿಗೆ ಹೋಗ್ತಾ ಅದನ್ನ ಸುತ್ಕೊಂಡು ಹೋದಳು. ದಾನ ಮಾಡೋಳು ತನ್ನದನ್ನ ಮಾಡಲಿ. ನಾನು ತಂದಿದ್ದನ್ನ ಯಾಕೆ?"

ಆ ಹೆಂಡತಿ ಶುಜೆನ್, ಜಪಾನಿನ ಕೋಬೆಯಲ್ಲೇ ಹುಟ್ಟಿ ಬೆಳೆದ ಚೀನೀ ಹೆಂಗಸು, ಅಲ್ಲೇ ಒಲೆಯ ಮುಂದೆ ನಿಂತು ಮಗಳು ಅನುವಿನ ಡಬ್ಬಿಗೆ ಅನ್ನ ತುಂಬುತ್ತಿದ್ದಳು. ಅತ್ತೆಯ ಕನ್ನಡ ಅವಳಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಸಿಟ್ಟು ಪೂರ್ತಿ ತಿಳಿಯುತ್ತಿತ್ತು. ಗಂಡನ ಜೊತೆ ಅವಳ ಮಾತು ಇಂಗ್ಲಿಷು ಜಪಾನಿ ಎರಡೂ ಕಲಸಿದ್ದು.

"ನಿಮ್ಮಮ್ಮನಿಗೆ ಹೇಳು, ಅದು ಎರಡು ತಿಂಗಳಿಂದ ಕಪಾಟಿನಲ್ಲಿ ಕೊಳೀತಾ ಇತ್ತು. ಚಳಿಯಲ್ಲಿ ನಡುಗ್ತಿದ್ದ ಒಬ್ಬ ಹುಡುಗಿಗೆ ಕೊಟ್ಟೆ."

"ಏನಂತೆ?" ಎಂದರು ಕಾಮಾಕ್ಷಮ್ಮ.

"ಸಾರಿ ಅಂದಳು," ಎಂದ ಮುಕುಂದ. ಕೈ ತೊಳೆದು ಹೊರಟ.

ಈ ಮನುಷ್ಯನ ಪರಿಚಯ ಇಷ್ಟರಲ್ಲೇ ಆಗಿರಬೇಕು. ಅವನು ಕೆಟ್ಟವನಲ್ಲ. ಹಡಗು ಕಂಪನಿಯೊಂದರ ಕಂಪ್ಯೂಟರುಗಳಲ್ಲಿ ಎರಡೇ ಅಂಕಿಯಲ್ಲಿ ಬರೆದಿಟ್ಟ ಇಸವಿಗಳನ್ನೆಲ್ಲ ಹುಡುಕಿ, ಎರಡು ಸಾವಿರ ಹುಟ್ಟುವ ಮುಂಚೆ ನಾಲ್ಕಂಕಿ ಮಾಡುವುದು ಅವನ ಕೆಲಸ. ಸಾವಿರಾರು ಸಾಲುಗಳ ನಡುವೆ ಒಂದು ತಪ್ಪು ಅಂಕಿ ಇದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಮನೆಯ ಇಬ್ಬರು ಹೆಂಗಸರ ನಡುವೆ ಮಾತ್ರ ಮನಸ್ಸಿಗೆ ಬಂದಂತೆ ಅನುವಾದ ಮಾಡಿ ಹಾಯಾಗಿ ಇರುತ್ತಿದ್ದ. ಇದಕ್ಕೆ ಶಾಂತಿ ಕಾಪಾಡುವುದು ಎಂದು ಹೆಸರಿಟ್ಟುಕೊಂಡಿದ್ದ.

ಮನೆ ಅವನದಲ್ಲ, ಮಾವನದು. ಲಿನ್ ಹಿರಿಯರಿಗೆ ಚೀನೀ ಪೇಟೆಯಲ್ಲಿ ಒಣ ಅಣಬೆ, ಒಣ ಸೀಗಡಿಯ ಅಂಗಡಿ. ಅವರ ತಂದೆ ಫುಜಿಯಾನ್ ಪ್ರಾಂತ್ಯದ ಒಂದು ಊರಿನಿಂದ ಬಂದು, ಬಟ್ಟೆಯ ಗಂಟು ಹೊತ್ತು ಜಪಾನಿನ ಹಳ್ಳಿಹಳ್ಳಿ ತಿರುಗಿದವರು. ಮಗ ಅಂಗಡಿ ಇಟ್ಟರು, ಚರ್ಚಿನ ಹಿರಿಯರಾದರು, ಭೂಕಂಪದಲ್ಲಿ ಬಿದ್ದ ಮನೆಯನ್ನು ಮತ್ತೆ ಕಟ್ಟಿಸಿ ಮಗಳಿಗೆ ಬಿಟ್ಟುಕೊಟ್ಟರು. ಅವರದು ಕೊಡುವ ಕೈ, ಅದರಲ್ಲಿ ಸುಳ್ಳಿಲ್ಲ. ತಂದೆಯ ಊರಿನಲ್ಲಿ ಶಾಲೆಗೆ ಹೊಸ ಕಟ್ಟಡ ಕಟ್ಟಿಸಿದ್ದರು. ಬಾಗಿಲ ಮೇಲೆ ಅವರ ಹೆಸರಿದ್ದ ಕಟ್ಟಡದ ಮುಂದೆ ಕೆಂಪು ಸ್ಕಾರ್ಫ್ ಕಟ್ಟಿದ ಮಕ್ಕಳು ಸಾಲಾಗಿ ನಿಂತ ಫೋಟೋ ಚರ್ಚಿನ ಗೋಡೆಯ ಮೇಲಿತ್ತು. ಆ ಊರಿನ ಮಕ್ಕಳು ಫೋಟೋದಲ್ಲಿ ಇರುವ ತನಕ ಅವರ ಮೇಲೆ ಹಿರಿಯರಿಗೆ ತುಂಬಾ ಪ್ರೀತಿ. ಅದೇ ಮಕ್ಕಳು ಬೆಳೆದು, ವೀಸಾ ಮುಗಿದ ಪಾಸ್‌ಪೋರ್ಟು ಹಿಡಿದು ಕೋಬೆಯ ಹೋಟೆಲುಗಳ ಹಿಂಬದಿಯಲ್ಲಿ ತಟ್ಟೆ ತೊಳೆಯಲು ಬಂದಾಗ ಪ್ರೀತಿ ಕಷ್ಟವಾಗುತ್ತಿತ್ತು.

ರಗ್ಗು ಹೊದ್ದ ಹುಡುಗಿ ಅಂಥವಳು. ಹೆಸರು ಯುಯಿಂಗ್. ಓದಲು ಬಂದವಳು, ಓದು ನಿಂತಿತ್ತು. ಜೊತೆಗಿದ್ದ ಅಡುಗೆಯವನು ಇವಳಿಗೆ ಏಳು ತಿಂಗಳು ತುಂಬುವಾಗ ಕಾಣೆಯಾಗಿದ್ದ. ಚರ್ಚಿನಲ್ಲಿ ಭಾನುವಾರದ ಊಟ ಸಿಗುತ್ತದೆಂದು ಯಾರೋ ಹೇಳಿದ್ದರಿಂದ ಬಂದಿದ್ದಳು. ಊಟ ಮಾಡಿ ಎದ್ದು ಹೋಗದೆ, ಪ್ರಾರ್ಥನೆಗೂ ಕೂತಿದ್ದಳು. ಚರ್ಚಿನ ಮಹಡಿಯಲ್ಲಿ ಒಂದು ಅತಿಥಿ ಕೋಣೆ ಖಾಲಿಯಿತ್ತು. ಅದನ್ನು ಕೊಡಿ ಎಂದು ಶುಜೆನ್ ರಗ್ಗಿನ ಜಗಳವಾದ ದಿನ ತಂದೆಯನ್ನು ಕೇಳಿದಳು.

"ಅದು ಕ್ರಿಸ್‌ಮಸ್ಸಿಗೆ ನಮ್ಮ ಊರಿನಿಂದ ಬರುವ ಶಾಲೆಯವರಿಗೆ ಇಟ್ಟಿದ್ದು," ಎಂದರು ಲಿನ್.

"ಕ್ರಿಸ್‌ಮಸ್ಸಿಗೆ ಇನ್ನೂ ತಿಂಗಳ ಮೇಲಿದೆ ಅಪ್ಪ. ಇವಳೂ ನಿಮ್ಮ ಊರಿನವಳೇ."

"ಮದುವೆಯಾಗಿಲ್ಲ. ಕಾಗದಪತ್ರ ಇಲ್ಲ. ನಿನ್ನ ಅಜ್ಜನ ಕಾಲದಿಂದ ಈ ಊರಿನಲ್ಲಿ ನಮ್ಮ ಮೇಲೆ ಒಂದು ಪೊಲೀಸ್ ಮಾತಿಲ್ಲ. ಈಗ ಇವರು ಬಂದು, ಜಪಾನಿಯರು ನಮ್ಮನ್ನೂ ಅವರನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ಪ್ರಾರ್ಥನೆಗೆ ಬರಲಿ, ಬೇಡ ಎಂದವರು ಯಾರು?"

"ಹೆರಿಗೆ ನೋವು ಬಂದರೆ ಪ್ರಾರ್ಥನೆಯ ಬೆಂಚಿನ ಮೇಲೆ ಹೆರಬೇಕಾ?"

"ಸಮಿತಿಯಲ್ಲಿ ಮಾತಾಡೋಣ," ಎಂದರು ಹಿರಿಯರು. ಮಗಳಿಗೆ ಆ ಮಾತಿನ ಅರ್ಥ ಗೊತ್ತಿತ್ತು. ಅದೇ ಸಂಜೆ ಯುಯಿಂಗಳನ್ನು ಮನೆಗೆ ಕರೆತಂದಳು.

ಕಾಮಾಕ್ಷಮ್ಮ ಬಾಗಿಲಲ್ಲೇ ಹುಡುಗಿಯನ್ನು, ಅವಳ ಹೊಟ್ಟೆಯನ್ನು, ಹೆಗಲ ಮೇಲಿದ್ದ ತಮ್ಮ ರಗ್ಗನ್ನು ನೋಡಿದರು.

"ಎಷ್ಟು ದಿನ ಇರ್ತಾಳಂತೆ?"

"ಹೆರಿಗೆ ಆಗೋ ತನಕ," ಎಂದ ಮುಕುಂದ.

"ಗಂಡ?"

"ಊರಲ್ಲಿದಾನೆ," ಎಂದ. ಇನ್ನೊಂದು ಅನುವಾದ.

"ಓಡ್‌ಹೋಗಿದಾನೆ ಅನ್ನು. ನಾನೇನು ಕಣ್ಣು ಕಾಣದವಳಲ್ಲ." ಕಾಮಾಕ್ಷಮ್ಮ ಒಳಗೆ ಹೋದರು. "ನನ್ನ ಕೋಣೇಲಿ ಮಲಗಿಸ್ಬೇಕು ಅಂತ ತಾನೇ? ಮಲಗಲಿ. ಈ ಮನೇಲಿ ನನ್ನ ಕೇಳಿ ಏನು ನಡೀತಿದೆ?"

ಒಂದೆರಡು ವಾರ ಮನೆಯಲ್ಲಿ ಗೊಣಗಾಟವೇ ಗೊಣಗಾಟ. ಯುಯಿಂಗ್ ಬಚ್ಚಲಿನ ಚಪ್ಪಲಿ ಅಡುಗೆಮನೆಗೆ ಹಾಕಿಕೊಂಡು ಬಂದಳೆಂದು ಒಂದು ದಿನ, ಹಂದಿಮಾಂಸದ ಬಾಣಲೆಯನ್ನು ಸಾರಿನ ಪಾತ್ರೆಯ ಪಕ್ಕ ಕವಿಚಿಟ್ಟಳೆಂದು ಇನ್ನೊಂದು ದಿನ. ಕಾಮಾಕ್ಷಮ್ಮ ಕನ್ನಡದಲ್ಲಿ ಬೈಯುವುದು, ಆ ಹುಡುಗಿ ತಲೆ ಬಾಗಿಸಿ ಚೀನೀ ಭಾಷೆಯಲ್ಲಿ ಏನೋ ಹೇಳುವುದು, ಇಬ್ಬರೂ ಕೂತು ಹುರುಳಿಕಾಯಿ ನಾರು ತೆಗೆಯುವುದು. ಅವಳು ಮೆಣಸಿನ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು ಮತ್ತೆ ಲೋಟ ಚಾಚಿದ ದಿನ ಕಾಮಾಕ್ಷಮ್ಮ ಮಗನಿಗೆ ಹೇಳಿದರು, "ನಿನ್ನ ಹೆಂಡತಿ ಇಷ್ಟು ವರ್ಷದಲ್ಲಿ ಒಂದ್ಸಲಾನೂ ನನ್ನ ಸಾರು ಎರಡನೇ ಸಲ ಹಾಕಿಸ್ಕೊಂಡಿಲ್ಲ."

"ಆದ್ರೂ ಅಮ್ಮ, ಪೊಲೀಸ್ ಗೀಲೀಸ್ ಅಂತ ಬಂದ್ರೆ ನನ್ನ ವೀಸಾಗೂ ಪ್ರಾಬ್ಲಮ್ಮು."

"ಹೊಟ್ಟೇಲಿರೋ ಕೂಸಿಗೆ ನಿನ್ನ ವೀಸಾ ಏನು ಗೊತ್ತು? ಊಟ ಮಾಡು."

ಡಿಸೆಂಬರ್ ಮಧ್ಯದ ಒಂದು ಬೆಳಿಗ್ಗೆ, ಹೇಳಿದ ದಿನಕ್ಕಿಂತ ಮುಂಚೆಯೇ ಯುಯಿಂಗಳಿಗೆ ನೋವು ಶುರುವಾಯಿತು. ಆಂಬುಲೆನ್ಸ್ ಬೇಡವೆಂದು ಶುಜೆನ್‌ಳ ಕೈ ಹಿಡಿದುಕೊಂಡು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಪಾಸ್‌ಪೋರ್ಟು ಕೇಳುತ್ತಾರೆಂಬ ಹೆದರಿಕೆ. ಶುಜೆನ್ ಕೆಳಗಿನ ಬೀದಿಯಲ್ಲಿದ್ದ, ಎಲ್ಲರೂ ಗೌರವದಿಂದ ಒಗಾವಾ ಸಾನ್ ಎನ್ನುತ್ತಿದ್ದ ಮುದಿ ಸೂಲಗಿತ್ತಿಯನ್ನು ಕರೆತರಲು ಓಡಿದಳು. ಅವರಿಬ್ಬರೂ ಏದುಸಿರು ಬಿಡುತ್ತಾ ಹತ್ತಿ ಬರುವಷ್ಟರಲ್ಲಿ ಕೂಸು ಕಾಮಾಕ್ಷಮ್ಮನ ಮಡಿಲಲ್ಲಿ ಬಿದ್ದು ಅಳುತ್ತಿತ್ತು. ಹೆಣ್ಣು ಕೂಸು. ಒಗಾವಾ ಸಾನ್ ತಾಯಿಯನ್ನೂ ಕೂಸನ್ನೂ ನೋಡಿ, ಇಬ್ಬರೂ ಗಟ್ಟಿಯಾಗಿದ್ದಾರೆ ಎಂದರು.

ಸಂಜೆ ಮುಕುಂದ ಬಂದಾಗ ಅಡುಗೆಮನೆಯ ಗೂಡಿನಲ್ಲಿ ದೀಪವಿರಲಿಲ್ಲ. ದೇವರ ಪಟದ ಮುಂದೆ ಹೂವಿರಲಿಲ್ಲ.

"ಪುರುಡು ಕಣೋ," ಎಂದರು ತಾಯಿ. "ಹನ್ನೊಂದನೇ ದಿನದ ತನಕ ದೀಪ ಹಚ್ಚಲ್ಲ. ನೀನೂ ದೇವರನ್ನ ಮುಟ್ಟಬೇಡ."

ಮುಕುಂದ ಬೂಟು ಬಿಚ್ಚುತ್ತಿದ್ದವನು ಹಾಗೇ ನಿಂತ. ಮೈಸೂರಿನ ವಠಾರದಲ್ಲಿ ಗೋಡೆಯಾಚೆಯ ಮನೆಯ ಇಂದಿರಾಗೆ ಎರಡು ಹೆರಿಗೆಯಾಗಿತ್ತು. ಅಮ್ಮ ಬಾಣಂತಿಗೆ ಅಡುಗೆ ಮಾಡಿ ಕೊಟ್ಟಿದ್ದರೇ ಹೊರತು ಪುರುಡು ಎಂದಿರಲಿಲ್ಲ. ಪುರುಡು ಎನ್ನುವುದು ನಮ್ಮ ವಂಶದ ಕೂಸು ಹುಟ್ಟಿದರೆ ನಮಗೆ ಬರುವ ಮೈಲಿಗೆ.

"ಅಮ್ಮ, ಅದು ನಮ್ಮ ಮಗು ಅಲ್ವಲ್ಲ."

"ನಮ್ಮನೇಲಿ ಹುಟ್ಟಿದ್ದು, ನನ್ನ ಮಡಿಲಿಗೆ ಬಿದ್ದಿದ್ದು. ನಮ್ಮದಲ್ದೆ ಇನ್ಯಾರ್ದು? ಅಪ್ಪ ಅನ್ನಿಸ್ಕೊಂಡೋನು ಇಟ್ಕೊಳೋ ಹಾಗಿದ್ರೆ ಇಟ್ಕೊಳ್ತಿದ್ದ."

ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ಕಿವಿಯಾರೆ ಕೇಳಿದ್ದ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಅವನು ನೆನಪಿಲ್ಲದವನ ಹಾಗೆ ನಡೆದುಕೊಂಡ.

ಮುಂದಿನ ಶನಿವಾರ ಲಿನ್ ಹಿರಿಯರು ಬಂದರು. ಜೊತೆಗೆ ಸಮಿತಿಯ ಮೂವರು ಹೆಂಗಸರು, ಎಲ್ಲರ ಕೈಯಲ್ಲೂ ದೊಡ್ಡ ದೊಡ್ಡ ಚೀಲ. ಮಗುವಿನ ಬಟ್ಟೆ, ಹಾಲಿನ ಪುಡಿ, ಹೊಸ ಹೊದಿಕೆ. ಅವರಲ್ಲಿ ಹಿರಿಯಳಾದ ಶ್ರೀಮತಿ ಹುವಾಂಗಳ ಕೊರಳಲ್ಲಿ ಕ್ಯಾಮರಾ. ಚರ್ಚಿನ ಪತ್ರಿಕೆಗೆ ಒಂದು ಫೋಟೋ ಬೇಕಂತೆ: ತಾಯಿ, ಮಗು, ಕೊಟ್ಟ ವಸ್ತುಗಳು. ಕೋಣೆ ಕೊಡಲು ಆಗದವರಿಗೆ ಫೋಟೋ ತೆಗೆಯಲು ಆಯಿತು.

ಶುಜೆನ್ ಚಹಾ ಇಟ್ಟಳು. ಯುಯಿಂಗ್ ಕೂಸಿನ ಜೊತೆ ಕಾಗದದ ಜಾರುಬಾಗಿಲಿನ ಆಚೆ ಮಲಗಿದ್ದಳು. ಹುವಾಂಗ್ ಚೀಲಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಎರಡೂ ಕೈಯಿಂದ ಒಂದನ್ನೆತ್ತಿ, ಮನೆಗೆ ಹಿರಿಯರು ಎಂದು ಕಾಮಾಕ್ಷಮ್ಮನ ಮುಂದೆ ಹಿಡಿದಳು.

ಕಾಮಾಕ್ಷಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.

"ಈಗ ಬೇಡ. ನಮಗೆ ಪುರುಡು. ಮೈಲಿಗೆ ಮನೇಲಿ ದಾನ ತಗೊಳೋ ಹಾಗಿಲ್ಲ, ಕೊಡೋ ಹಾಗಿಲ್ಲ. ಹನ್ನೊಂದು ಕಳೀಲಿ, ಆಮೇಲೆ ಬನ್ನಿ. ಇವತ್ತು ಇಲ್ಲಿ ನೀರು ಕೂಡ ಕುಡೀಬೇಡಿ."

ಹುವಾಂಗ್ ಚೀಲ ಹಿಡಿದೇ ನಿಂತಳು. ಎಲ್ಲರೂ ಮುಕುಂದನ ಕಡೆ ನೋಡಿದರು. ಅವನು ಕನ್ನಡಕ ತೆಗೆದು ಒರೆಸತೊಡಗಿದ. ಆಗ ಅನು ಬಾಯಿ ಹಾಕಿತು. ಹತ್ತು ವರ್ಷದ ಹುಡುಗಿ, ಅಜ್ಜಿಯ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಜಪಾನಿಯಲ್ಲಿ. 'ಮೈಲಿಗೆ' ಎಂಬ ಮಾತಿಗೆ ಅವಳಿಗೆ ಗೊತ್ತಿದ್ದ ಅರ್ಥ ಒಂದೇ. ಮಣ್ಣಾದ ಕಾಲಿನಲ್ಲಿ ಒಳಗೆ ಬಂದಾಗ ಅಜ್ಜಿ ಅನ್ನುತ್ತಿದ್ದುದು.

"ಅಜ್ಜಿ ಹೇಳ್ತಿದಾರೆ, ಮಗು ಕಿತನಾಯ್. ಅದಕ್ಕೇ ಈ ಮನೆ ಕಿತನಾಯ್. ನೀವು ಏನೂ ಕೊಡಬೇಡಿ, ಕುಡೀಬೇಡಿ."

ಕಿತನಾಯ್ ಎಂದರೆ ಕೊಳಕು. ಜಾರುಬಾಗಿಲಿನ ಆಚೆ ಕೂಸು ಒಮ್ಮೆ ಕುಂಯ್‌ಗುಟ್ಟಿ ಸುಮ್ಮನಾಯಿತು. ಯುಯಿಂಗಳಿಗೆ ಜಪಾನಿ ಕಡಿಮೆ ಬರುತ್ತಿತ್ತು, ಆದರೆ ಹೋಟೆಲಿನಲ್ಲಿ ತಟ್ಟೆ ತೊಳೆಯುವವರು ಮೊದಲು ಕಲಿಯುವ ಮಾತುಗಳಲ್ಲಿ ಅದೊಂದು.

"ನಿಜವಾ?" ಎಂದಳು ಶುಜೆನ್ ಗಂಡನಿಗೆ. "ಹಾಗೆ ಅಂದ್ರಾ?"

ಒಂದು ವಾಕ್ಯ ಸಾಕಿತ್ತು. ಇದು ಸ್ವಂತದವರಿಗೆ ಮಾತ್ರ ಬರುವ ಮೈಲಿಗೆ, ಅಮ್ಮ ಈ ಕೂಸನ್ನು ತನ್ನದು ಎಂದು ಹೇಳುತ್ತಿದ್ದಾಳೆ, ಅಷ್ಟೇ. ಇಂಗ್ಲಿಷಿನಲ್ಲಿ ಹೇಳಬಹುದಿತ್ತು, ಜಪಾನಿಯಲ್ಲಿ ಹೇಳಬಹುದಿತ್ತು. ಮುಕುಂದ ಕನ್ನಡಕ ಹಾಕಿಕೊಂಡು, ಸಮಿತಿಯವರ ಕಡೆ ಸೊಂಟ ಬಗ್ಗಿಸಿ, "ಸುಮಿಮಾಸೆನ್," ಎಂದ. ಕ್ಷಮಿಸಿ ಎಂದ. ಅಲ್ಲಿಗೆ ಅನು ಹೇಳಿದ್ದು ಖಾಯಂ ಆಯಿತು.

ಲಿನ್ ಹಿರಿಯರು ಚಹಾ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಅವರವರ ಧರ್ಮ ಅವರವರಿಗೆ. ಬೀಗಿತ್ತಿಯವರಿಗೆ ತೊಂದರೆ ಕೊಡುವುದು ಬೇಡ. ಒಸಾಕಾದಲ್ಲಿ ಒಂದು ಆಶ್ರಮ ಇದೆ, ನಾನೇ ಮಾತಾಡುತ್ತೇನೆ." ಅವರ ಮುಖದಲ್ಲಿ ಬೇಸರವಿತ್ತು. ಬೇಸರದ ಅಡಿಯಲ್ಲಿ ನಿರಾಳವೂ ಇತ್ತು.

ಅವರು ಹೋದ ಮೇಲೆ ಶುಜೆನ್ ಅತ್ತೆಯ ಮುಂದೆ ನಿಂತಳು. ತನಗೆ ಬರುವ ಕನ್ನಡದಲ್ಲೇ ಹೇಳಿದಳು. "ಅತ್ತೆ, ಮಗು ಕೊಳಕು ಅಲ್ಲ. ನಮ್ಮ ಯೇಸು ದನದ ಕೊಟ್ಟಿಗೇಲಿ ಹುಟ್ಟಿದ್ದು. ನೀವು, ನಿಮ್ಮ ಮನಸ್ಸು ಕೊಳಕು."

ಕಾಮಾಕ್ಷಮ್ಮ ಮಗನ ಕಡೆ ತಿರುಗಿದರು. "ಏನೋ ಇದು? ನಾನೇನು ಅಂದೆ ಇವಳಿಗೆ?"

"ಏನಿಲ್ಲಮ್ಮ. ಟೆನ್ಶನ್ನಲ್ಲಿದಾಳೆ. ನೀನು ಮನಸ್ಸಿಗೆ ಹಚ್ಕೋಬೇಡ."

ಮಾರನೆಯ ದಿನ ಶುಜೆನ್ ಚರ್ಚಿಗೆ ಹೋಗಿದ್ದಾಗ ಲಿನ್ ಅವರ ಅಂಗಡಿಯ ವ್ಯಾನು ಬಂತು. ಬಾಗಿಲು ತೆಗೆದವನು ಮುಕುಂದ. ಯುಯಿಂಗ್ ಹಾಸಿಗೆ ಮಡಿಸಿಟ್ಟು ಕೂಸನ್ನು ಕಟ್ಟಿಕೊಂಡು ತಯಾರಾಗಿದ್ದಳು. ಕಾಮಾಕ್ಷಮ್ಮ ಬಾಣಂತಿಗೆಂದು ಮೆಣಸು ಬೆಳ್ಳುಳ್ಳಿ ಕುಟ್ಟುತ್ತಿದ್ದವರು ಎದ್ದು ಬಂದರು.

"ಹಸೀ ಬಾಣಂತಿ, ಈ ಗಾಳೀಲಿ ಎಲ್ಲಿಗೋ?"

"ಡಾಕ್ಟರ ಹತ್ರ. ಚೆಕಪ್ಪು," ಎಂದ ಮಗ.

ರಗ್ಗು ಹೊದಿಸಲು ಕೈ ಚಾಚಿದ ಕಾಮಾಕ್ಷಮ್ಮನನ್ನು ಯುಯಿಂಗ್ ಮುಟ್ಟಗೊಡಲಿಲ್ಲ. ದೂರ ಸರಿದು, ತಲೆ ಬಾಗಿಸಿ ಹೊರಟುಹೋದಳು.

ಆಮೇಲೆ ಆ ಮನೆಯಲ್ಲಿ ಎರಡು ಒಲೆ ಉರಿದವು. ಶುಜೆನ್ ತನಗೂ ಅನುವಿಗೂ ಬೇರೆ ಬೇಯಿಸಿಕೊಂಡಳು. ಅತ್ತೆ ಇಟ್ಟ ಅನ್ನಕ್ಕೆ ಕೈ ಹಾಕಲಿಲ್ಲ. ಕಾಮಾಕ್ಷಮ್ಮನಿಗೆ ಡಾಕ್ಟರ ಮಾತು ಸುಳ್ಳೆಂದು ಸಂಜೆಯೊಳಗೇ ತಿಳಿಯಿತು, ಸೊಸೆಯೇ ಓಡಿಸಿದಳು ಎಂದುಕೊಂಡರು. ಸೊಸೆ, ಅತ್ತೆ ಓಡಿಸಿದಳು ಎಂದುಕೊಂಡಿದ್ದಳು. ಇಬ್ಬರ ಅಡುಗೆಯನ್ನೂ ಉಂಡುಕೊಂಡು, ಕಂಪನಿಯ ಇಸವಿಗಳನ್ನು ತಿದ್ದಿಕೊಂಡು ಮುಕುಂದ ಓಡಾಡಿದ.

ಹನ್ನೊಂದು ದಿನ ಇನ್ನೂ ಕಳೆದಿರಲಿಲ್ಲ, ದೀಪದ ಗೂಡು ಖಾಲಿಯೇ ಇತ್ತು. ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದ ಅನು ಅದನ್ನು ನೋಡಿ ಕೇಳಿತು, "ಅಜ್ಜಿ, ಬೇಬಿ ಹೋಯ್ತಲ್ಲ. ಇನ್ನೂ ಯಾಕೆ ಕಿತನಾಯ್?"

"ಹಾಗಂದ್ರೆ?"

"ಡರ್ಟಿ. ಕೊಳಕು. ನೀವೇ ಅಂದ್ರಲ್ಲ, ಮೈಲಿಗೆ ಅಂತ."

ಕಾಮಾಕ್ಷಮ್ಮ ಸೌಟು ಕೆಳಗಿಟ್ಟರು. "ಕೂಸನ್ನ ಕೊಳಕು ಅಂದೆ ಅಂತ ಹೇಳಿದ್ಯಾ ಅವರಿಗೆಲ್ಲ?" ಮಗುವಿನ ಮುಖ ಸಣ್ಣದಾದ್ದು ನೋಡಿ ದನಿ ಇಳಿಸಿದರು. "ಕೇಳಿಲ್ಲಿ. ನೀನು ಹುಟ್ಟಿದ್ದು ಇಲ್ಲಿ, ನಾನಿದ್ದಿದ್ದು ಮೈಸೂರಲ್ಲಿ. ಫೋನು ಬಂದ ತಕ್ಷಣ ನಾನು ದೀಪ ತೆಗೆದಿಟ್ಟೆ. ನಿನ್ನ ಮುಖ ಕೂಡ ನೋಡಿರಲಿಲ್ಲ. ಯಾಕೆ? ನೀನು ನನ್ನವಳು ಅಂತ. ಪಕ್ಕದ್ಮನೆ ಮಗು ಹುಟ್ಟಿದ್ರೆ ತೆಗೀತೀವಾ? ಇಲ್ಲ. ನಮ್ಮದು ಅಂತ ಆದ್ರೆ ಮಾತ್ರ ಪುರುಡು. ಆ ಕೂಸು ಎಲ್ಲೇ ಇರಲಿ, ಪುರುಡು ಪುರುಡೇ."

ಬಾಗಿಲಲ್ಲಿ ತಾಯಿ ನಿಂತಿದ್ದನ್ನು ನೋಡಿ ಅನು ಜಪಾನಿಯಲ್ಲಿ ಹೇಳಿತು. ತಡವರಿಸಿತು, ಅಳು ಬಂತು, ಆದರೂ ಪೂರ್ತಿ ಹೇಳಿತು. ಶುಜೆನ್ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಗಂಡ ಬರುವ ತನಕ ಅಲ್ಲಿಂದ ಏಳಲಿಲ್ಲ.

"ನಿನಗೆ ಗೊತ್ತಿತ್ತಾ?" ಮುಕುಂದ ಕೋಟು ತೆಗೆಯುವ ಮುಂಚೆಯೇ ಕೇಳಿದಳು.

"ಏನು?"

"ಪುರುಡು ಅಂದ್ರೆ ಏನು ಅಂತ."

ಅವನು ತಾಯಿಯನ್ನು ನೋಡಿದ, ಮಗಳನ್ನು ನೋಡಿದ. "ಗೊತ್ತಿತ್ತು."

"ಆ ದಿನ ನಾನು ಕೇಳಿದೆ. ಎಲ್ಲರ ಮುಂದೆ ಕೇಳಿದೆ."

"ಏನ್ ಮಾಡ್ಬೇಕಿತ್ತು ನಾನು?" ಅವನ ದನಿ ಮೊದಲ ಸಲ ಏರಿತು. "ನನ್ನ ವೀಸಾ ರಿನ್ಯೂ ಆಗ್ಬೇಕು. ಮನೆ ನಿಮ್ಮಪ್ಪಂದು. ಅವರಿಗೆ ಅವಳು ಇಲ್ಲಿರೋದು ಇಷ್ಟ ಇಲ್ಲ. ಹೇಗಾದ್ರೂ ಅವಳು ಹೋದ್ರೆ ಸಾಕಾಗಿತ್ತು ನನಗೆ. ನಾನಾಗಿ ಏನೂ ಹೇಳಲಿಲ್ಲ, ಮಗು ಹೇಳಿದ್ದು."

"ಹೌದು. ಮಗು ತಲೆ ಮೇಲೆ ಹಾಕು," ಎಂದಳು ಶುಜೆನ್. ಫೋನು ತೆಗೆದುಕೊಂಡು ತಂದೆಗೆ ಮಾಡಿದಳು. ಆ ಕಡೆಯಿಂದ ಬಂದ ಉತ್ತರ ಚಿಕ್ಕದು: ಆಶ್ರಮಕ್ಕೆ ಹೋಗಲು ಹುಡುಗಿ ಒಪ್ಪಲಿಲ್ಲ, ಮಧ್ಯದಲ್ಲೇ ಇಳಿದುಕೊಂಡಳು, ಮೊದಲಿದ್ದ ಹೋಟೆಲಿಗೇ ಹೋಗಿರಬೇಕು. ಶಾಲೆಯವರು ಬಂದಿದ್ದಾರೆ, ಆಮೇಲೆ ಮಾತಾಡೋಣ.

"ಅವರಿಗೆ ಊಟ ಹಾಕಿ ಅಪ್ಪ, ಚೆನ್ನಾಗಿ ಹಾಕಿ. ಅವರು ಕಲಿಸಿದ ಹುಡುಗಿ ತಟ್ಟೆ ತೊಳೀತಿದಾಳೆ ಅಂತ ಅವರಿಗೆ ನಾನೇ ಬಂದು ಹೇಳ್ತೀನಿ," ಎಂದು ಫೋನಿಟ್ಟಳು.

ಮೂವರೂ ಅನುವನ್ನು ಕರೆದುಕೊಂಡು ಚೀನೀ ಪೇಟೆಗೆ ಇಳಿದರು. ಬೀದಿಯ ತುಂಬ ವರ್ಷ ಕೊನೆಯ ಜನ. ಹೋಟೆಲಿನ ಹಿಂಬಾಗಿಲು ತೆರೆದಿತ್ತು. ಯುಯಿಂಗ್ ಮೊಣಕೈವರೆಗೆ ನೊರೆಯಲ್ಲಿ ಕೈ ಮುಳುಗಿಸಿ ನಿಂತಿದ್ದಳು. ಕೂಸು ಅಕ್ಕಿಮೂಟೆಗಳ ನಡುವೆ, ಎಲೆಕೋಸಿನ ಪೆಟ್ಟಿಗೆಯಲ್ಲಿ ಮಲಗಿತ್ತು.

ಕಾಮಾಕ್ಷಮ್ಮ ನೇರವಾಗಿ ಪೆಟ್ಟಿಗೆಯ ಕಡೆ ನಡೆದರು.

"ಮುಟ್ಟಬೇಡಿ," ಎಂದಳು ಯುಯಿಂಗ್ ಜಪಾನಿಯಲ್ಲಿ. "ಕಿತನಾಯ್."

ಕಾಮಾಕ್ಷಮ್ಮನಿಗೆ ಈಗ ಆ ಮಾತು ಗೊತ್ತಿತ್ತು. ಚಾಚಿದ ಕೈ ಹಾಗೇ ನಿಂತಿತು.

ಶುಜೆನ್ ಚೀನೀ ಭಾಷೆಯಲ್ಲಿ ಹೇಳತೊಡಗಿದಳು. ಅತ್ತೆಯ ಊರಿನ ಪದ್ಧತಿ, ದೀಪ ತೆಗೆದಿಡುವುದು, ಯಾರಿಗೆ ತೆಗೆದಿಡುತ್ತಾರೆ ಎಂಬುದು. ಯುಯಿಂಗ್ ನೊರೆಯಿಂದ ಕೈ ತೆಗೆಯದೆ ಕೇಳಿದಳು. ಕೇಳಿ ಮುಗಿದ ಮೇಲೆ ಮುಕುಂದನ ಕಡೆ ತಿರುಗಿ, ಮುರುಕು ಜಪಾನಿಯಲ್ಲಿ ಕೇಳಿದಳು.

"ಮುಕುಂದ ಸಾನ್‌ಗೆ ಆ ದಿನ ಗೊತ್ತಿತ್ತೇ?"

"ಗೊತ್ತಿತ್ತು."

"ವ್ಯಾನು ಬಂದ ದಿನವೂ?"

ಅವನು ಹೌದೆಂದು ತಲೆ ಆಡಿಸಿದ.

"ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮೇಲಿದೆ. ನಿಮ್ಮ ಮನೆಗೆ ನಾನು ಬರುವುದಿಲ್ಲ. ಇದನ್ನು ಅಜ್ಜಿಗೆ ಹೇಳಿ. ಮಗು ಹೇಳುವುದು ಬೇಡ, ನೀವು ಹೇಳಿ. ಪೂರ್ತಿ ಹೇಳಿ."

ಮುಕುಂದ ಹೇಳಿದ. ಒಂದು ಮಾತು ಬಿಡಲಿಲ್ಲ, ಒಂದು ಮಾತು ತಿದ್ದಲಿಲ್ಲ. ಹೇಳುವಾಗ ತಾಯಿಯ ಮುಖ ನೋಡಲಾಗದೆ ಅಕ್ಕಿಮೂಟೆ ನೋಡುತ್ತಿದ್ದ.

ಕಾಮಾಕ್ಷಮ್ಮ ಕೇಳಿ ಮುಗಿಸಿದರು. ಯುಯಿಂಗಳ ಕಡೆ ನೋಡಿದರು. ಅವಳು ಎತ್ತಿಕೊಳ್ಳಿ ಎಂಬಂತೆ ಪೆಟ್ಟಿಗೆಯ ಕಡೆ ತಲೆ ಆಡಿಸಿದಳು. ಕಾಮಾಕ್ಷಮ್ಮ ಕೂಸನ್ನೆತ್ತಿಕೊಂಡು ಒಂದು ಮೂಟೆಯ ಮೇಲೆ ಕೂತರು. ಶುಜೆನ್ ಅಂಗಿಯ ತೋಳು ಮಡಿಸಿ ತೊಟ್ಟಿಯ ಮುಂದೆ ಹೋಗಿ ಯುಯಿಂಗಳ ಕೈಯಿಂದ ತಟ್ಟೆ ತೆಗೆದುಕೊಂಡಳು. ಏನು ಮಾಡಲೂ ತೋಚದೆ ಮುಕುಂದ, ಮಗುವಿನ ಹೊದಿಕೆ ಸರಿ ಮಾಡಲು ಬಗ್ಗಿದ.

"ನೀನು ದೂರ ನಿಂತ್ಕೋ," ಎಂದರು ತಾಯಿ.

"ಅಮ್ಮ, ಮನೆಗೆ ಹೋಗೋಣ. ಕತ್ತಲಾಗ್ತಿದೆ."

"ಇವಳ ಕೆಲಸ ಮುಗಿಯೋ ತನಕ ನಾವು ಇಲ್ಲಿರ್ತೀವಿ. ನೀನು ಹೋಗು. ಹೋಗಿ ದೀಪ ಹಚ್ಕೋ, ಹೂ ಇಟ್ಕೋ. ನಿನಗೆ ಪುರುಡಿಲ್ಲ."